ಒಂದೇ ಕೇಬಲ್ಲೋ, ಜೋಡಿ ಕೇಬಲ್ಲೋ: ಬಳ್ಳಾರಿಯ ಕಟ್ಟಡವೊಂದರಲ್ಲಿ ಮೂರು ಪ್ರಯೋಗ

ಬಳ್ಳಾರಿಯ ಕೌಲ್ ಬಜಾರಿನಲ್ಲಿ ಮೂರು ಮಹಡಿಯ ಬಟ್ಟೆ ಅಂಗಡಿ. ಗೋಡೆ ದಪ್ಪ, ಕೆಳಗೆ ಬೇಸ್‌ಮೆಂಟ್ ಬೇರೆ. ಹಾಗಾಗಿ ಆಪರೇಟರ್ ರೇಡಿಯೊದಿಂದ ಕೇಬಲ್ ಎಳೆದು, ಒಳಗೆಲ್ಲ ಸಣ್ಣ ಆಂಟೆನಾ ಹಾಕಿ ಮೊಬೈಲ್ ಸಿಗ್ನಲ್ ಹಂಚಿದ್ದರು. ಫೋನಿನಲ್ಲಿ ಸಿಗ್ನಲ್ ಕಡ್ಡಿ ಪೂರ್ತಿ ಕಾಣುತ್ತಿತ್ತು. ಆದರೆ ದೀಪಾವಳಿ ಜನ ತುಂಬಿದಾಗ ಕ್ಯೂಆರ್ ಪಾವತಿಯೂ ಮುಂದೆ ಹೋಗುತ್ತಿರಲಿಲ್ಲ.

4ಜಿ ರೇಡಿಯೊ ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಬೇರೆ ಸಿಗ್ನಲ್ ಕಳಿಸಬಲ್ಲದು. ಇದೇ ಮೈಮೋ. ಎರಡನ್ನೂ ಹಾಗೇ ಒಂದು ಕೇಬಲ್ಲಿಗೆ ಸೇರಿಸಿದರೆ ಕಲಸಿಹೋಗುತ್ತವೆ, ಫೋನು ಬಿಡಿಸಲಾರದು. ಇಲ್ಲಿ ಎಳೆದಿದ್ದು ಒಂದೇ ಕೇಬಲ್. ರೇಡಿಯೊದ ಎರಡನೇ ಪೋರ್ಟ್ ಸುಮ್ನೆ ಕೂತಿತ್ತು. ಆಪರೇಟರ್ ಒಪ್ಪಿಗೆ ಪಡೆದೇ ಕೆಲಸ ಶುರು ಮಾಡಿದೆವು. ಒಪ್ಪಿಗೆ ಇಲ್ಲದೆ ಬೂಸ್ಟರ್ ಹಾಕುವುದು ಕಾನೂನಿಗೆ ವಿರುದ್ಧ.

ಮೊದಲು ಮೇಲಿನ ಮಹಡಿಯಲ್ಲಿ ಒಂದು ಬಿಟ್ಟು ಒಂದು ಆಂಟೆನಾಕ್ಕೆ ಎರಡನೇ ಸಿಗ್ನಲ್ ಕೊಟ್ಟೆವು. ಖರ್ಚು ಕಡಿಮೆ. ಎರಡು ಆಂಟೆನಾಗಳ ನಡುವೆ ನಿಂತರೆ ಫೋನಿನ ಟೆಸ್ಟ್ ಆ್ಯಪ್‌ನಲ್ಲಿ ರ‍್ಯಾಂಕ್ 2 (ಅಂದರೆ ಎರಡೂ ಸಿಗ್ನಲ್ ಬೇರೆಬೇರೆಯಾಗಿ ಫೋನಿಗೆ ಸಿಗುತ್ತಿವೆ) ಬರುತ್ತಿತ್ತು. ಒಂದರ ಕೆಳಗೇ ನಿಂತರೆ ಇನ್ನೊಂದು ಕ್ಷೀಣಿಸಿ ಮತ್ತೆ 1.

ಬೇಸ್‌ಮೆಂಟ್‌ಗೆ ಜೋಡಿ ಕೇಬಲ್ ಎಳೆದು, ಎರಡು ಪೋಲರೈಸೇಶನ್ನಿನ, ಅಂದರೆ ಎರಡು ಸಿಗ್ನಲ್ಲಿನ ಅಲೆಗಳನ್ನು ಬೇರೆಬೇರೆ ದಿಕ್ಕಿನಲ್ಲಿ ಕಂಪಿಸುವಂತೆ ಕಳಿಸುವ ಆಂಟೆನಾ ಕೂಡಿಸಿದೆವು. ಮೊದಲ ದಿನ ಬೇಜಾರಾಯಿತು. ರ‍್ಯಾಂಕ್ ಏಳಲೇ ಇಲ್ಲ. ಅಳೆದರೆ ಒಂದು ಬದಿ 6 ಡಿಬಿ ಕಡಿಮೆ, ಅಂದರೆ ಪವರ್ ಕಾಲು ಭಾಗ ಮಾತ್ರ. ಕನೆಕ್ಟರ್ ಒಂದನ್ನು ಸರಿಯಾಗಿ ಬಿಗಿದಿರಲಿಲ್ಲ! ಅದನ್ನು ಸರಿಮಾಡಿದ ಮೇಲೆ ಮೂಲೆಮೂಲೆಯಲ್ಲೂ ರ‍್ಯಾಂಕ್ 2. ಸ್ಪೀಡ್ ಸುಮಾರು ಒಂದೂವರೆ ಪಟ್ಟು ಆಯಿತು. ಪೂರ್ತಿ ಎರಡು ಪಟ್ಟು ಆಗಲು ಎರಡು ದಾರಿಗಳೂ ಒಂದಕ್ಕೊಂದು ಸಾಕಷ್ಟು ಬೇರೆ ಇರಬೇಕು, ಸಿಗ್ನಲ್ಲೂ ಸ್ವಚ್ಛ ಇರಬೇಕು. ಅಂಥ ಜಾಗ ಎಲ್ಲೆಡೆ ಸಿಗದು ಅಲ್ವಾ. ಆದರೂ ಮೂರರಲ್ಲಿ ನನ್ನ ಮನಸ್ಸು ಗೆದ್ದಿದ್ದು ಈ ಜೋಡಿ ಕೇಬಲ್ಲೇ.

ನಡುವಿನ ಮಹಡಿಯ ಸೀಲಿಂಗ್ ಒಡೆಯಲು ಮಾಲೀಕರು ಬಿಡಲಿಲ್ಲ. ಅಲ್ಲಿ ಎರಡನೇ ಸಿಗ್ನಲ್ಲಿನ ಫ್ರೀಕ್ವೆನ್ಸಿ ಬದಲಿಸಿ ಹಳೇ ಕೇಬಲ್ಲಿನಲ್ಲೇ ಕಳಿಸಿ, ತುದಿಯ ಪೆಟ್ಟಿಗೆಯಲ್ಲಿ ಮತ್ತೆ ಮೊದಲಿನಂತೆ ಮಾಡುವ ಸಾಧನ ಇಟ್ಟೆವು. ಕೆಲಸ ಚೆನ್ನಾಗಿದೆ. ಆದರೆ ಪ್ರತಿ ಪೆಟ್ಟಿಗೆಗೂ ಕರೆಂಟ್ ಬೇಕು. 40 ಡಿಗ್ರಿ ದಾಟುವ ಬಳ್ಳಾರಿ ಬೇಸಿಗೆಯಲ್ಲಿ ಗಾಳಿ ಇಲ್ಲದ ಡಕ್ಟ್ ಒಳಗೆ ಅದು ಕಾದುಹೋಗುತ್ತದೆ. ಕರೆಂಟ್ ಹೋದರೆ ಆ ಮಹಡಿಯೇ ಮೂಕ. ಯುಪಿಎಸ್ ಹಾಕಿ, ಪೆಟ್ಟಿಗೆಯನ್ನು ಡಕ್ಟಿನಿಂದ ಹೊರಗೆ ತಂದೆವು. ಆಸ್ಪತ್ರೆಯಂಥ, ಒಡೆಯಲಾಗದ ಕಟ್ಟಡಕ್ಕೆ ನಾನು ಇದನ್ನೇ ಹೇಳುತ್ತೇನೆ.

ಈಗ ಸ್ಪ್ಲಿಟರ್ (ಒಂದು ಕೇಬಲ್ಲಿನ ಸಿಗ್ನಲ್ಲನ್ನು ಹಲವು ಆಂಟೆನಾಗಳಿಗೆ ಹಂಚುವ ಸಾಧನ) ಕೊಳ್ಳುವವರು, ಅದು ಎಷ್ಟು ಫ್ರೀಕ್ವೆನ್ಸಿವರೆಗೆ ನಡೆಯುತ್ತದೆ ಅಂತ ಅದರ ಮೇಲಿನ ಚೀಟಿ ಓದಿ. ನಮ್ಮ ಹಳೇವು 2700 ಮೆಗಾಹರ್ಟ್ಸ್‌ಗೇ ನಿಲ್ಲುತ್ತವೆ. 5ಜಿಯ ಮುಖ್ಯ ಬ್ಯಾಂಡ್ 3300ರಿಂದ ಶುರು. ಮುಂದಿನ ವರ್ಷ ಅವನ್ನೆಲ್ಲ ಬಿಚ್ಚಿ ಹೊಸದು ಹಾಕಬೇಕು.