ಚೆಚೆರ್ಲೆಗ್ ಅಥವಾ ಅರ್ವೈಹೇರ್: ಎಲ್ಲಿ ತಂಗುವುದು?

ಮಂಗೋಲಿಯಾದ ಓರ್ಖೋನ್ ಕಣಿವೆಯನ್ನು ನೋಡಹೊರಟವರು ತಂಗಲು ಎರಡು ಪ್ರಾಂತೀಯ ರಾಜಧಾನಿಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದು. ಅರ್ವೈಹೇರ್ ತೆರೆದ ಹುಲ್ಲುಗಾವಲಿನ ಊರು. ಪಂದ್ಯದ ಕುದುರೆಗಳ ಸ್ಮಾರಕವನ್ನು ನಿಲ್ಲಿಸಿರುವ ಈ ಊರು ದಕ್ಷಿಣದ ಗೋಬಿ ಮರುಭೂಮಿಯತ್ತ ಮುಂದುವರಿಯುವವರಿಗೆ ಅನುಕೂಲಕರ. ಮಂಗೋಲ್ ಸಾಮ್ರಾಜ್ಯದ ಹಳೆಯ ರಾಜಧಾನಿಯಾದ ಕಾರಕೋರಮ್‌ನ ಅವಶೇಷಗಳೂ ಎರ್ದೆನೆ ಜೂ ಬೌದ್ಧ ಮಠವೂ ಇದೇ ಪ್ರಾಂತದಲ್ಲಿವೆ.

ಆದರೂ ನನ್ನ ಒಲವು ಚೆಚೆರ್ಲೆಗ್‌ನ ಕಡೆಗೆ. ‘ಉದ್ಯಾನ’ ಎಂಬ ಅರ್ಥದ ಹೆಸರುಳ್ಳ ಈ ಊರು ಹಂಗೈ ಪರ್ವತಗಳ ಮಡಿಲಲ್ಲಿದೆ. ಇಲ್ಲಿನ ಜಯೈನ್ ಗೆಗೇನ್ ಮಠವು 1930ರ ದಶಕದಲ್ಲಿ ಕಮ್ಯುನಿಸ್ಟ್ ಸರ್ಕಾರ ನಡೆಸಿದ ಧಾರ್ಮಿಕ ದಮನದಲ್ಲಿ ಪೂರ್ತಿ ನಾಶವಾಗದೆ ಉಳಿದು, ಮುಂದೆ ವಸ್ತುಸಂಗ್ರಹಾಲಯವಾಯಿತೆಂಬುದನ್ನು ನೆನೆದು ಅದರ ಅಂಗಳದಲ್ಲಿ ನಿಂತಾಗ, ಮರದ ಕಂಬಗಳೇ ಚರಿತ್ರೆಯನ್ನು ನುಡಿಯುತ್ತವೆ. ಚೆಂಖೇರ್ ಬಿಸಿನೀರಿನ ಬುಗ್ಗೆಗಳೂ, ಪಶ್ಚಿಮಕ್ಕೆ ಖೋರ್ಗೋ ಜ್ವಾಲಾಮುಖಿ ಹಾಗೂ ತೆರ್ಖೀನ್ ಚಗಾನ್ ಸರೋವರವೂ ಇಲ್ಲಿಂದಲೇ ಸುಲಭ. ಬೇಸಿಗೆಯಲ್ಲಿಯೂ ರಾತ್ರಿ ಚಳಿಯಿರುವುದರಿಂದ ಉಣ್ಣೆಯ ಬಟ್ಟೆ ಎರಡೂ ಕಡೆ ಬೇಕು.