ಬೀಟಾ ಯಂತ್ರವೋ, ಲೇಸರ್ ಸೆನ್ಸರೋ?

ಮುಂಬೈ ಭಾಗದ ಡೊಂಬಿವಲಿ, ಮುಲುಂಡ್ ಕಡೆ ಹೌಸಿಂಗ್ ಸೊಸೈಟಿ ಕಮಿಟಿಗಳಲ್ಲಿರುವ ನಮ್ಮ ಕನ್ನಡದವರಿಗೆ ಇದನ್ನು ಬರೆಯುತ್ತಿದ್ದೇನೆ. ಪಕ್ಕದಲ್ಲೇ ಹೊಸ ಟವರ್ ಏಳುತ್ತಿದೆ, ಧೂಳು ಅಳೆಯಬೇಕು. ಧೂಳನ್ನು ತೂಗುವ ಬೀಟಾ ಯಂತ್ರ ತರೋಣವೋ, ಬೆಳಕಿನಿಂದ ಅಂದಾಜು ಮಾಡುವ ಲೇಸರ್ ಸೆನ್ಸರೋ?

ಬೀಟಾ ಯಂತ್ರದೊಳಗೆ ಗಾಜಿನ ನಾರಿನ ಟೇಪ್ ಸುರುಳಿ ಇರುತ್ತದೆ. ಟೇಪಿನ ಒಂದು ಕಡೆ ಕಾರ್ಬನ್-14ರಂಥ ವಿಕಿರಣ ಮೂಲ, ಇನ್ನೊಂದು ಕಡೆ ಅದರಿಂದ ಹೊಮ್ಮುವ ಬೀಟಾ ಕಣ (ವೇಗದ ಎಲೆಕ್ಟ್ರಾನ್) ಎಣಿಸುವ ಡಿಟೆಕ್ಟರ್. ಮೊದಲು ಖಾಲಿ ಟೇಪ್ ದಾಟಿ ಬಂದ ಕಣಗಳ ಎಣಿಕೆ. ಆಮೇಲೆ ಪಂಪ್ ಗಾಳಿ ಎಳೆಯುತ್ತದೆ, ಸಾಮಾನ್ಯವಾಗಿ ನಿಮಿಷಕ್ಕೆ 16.7 ಲೀಟರ್. ಟೇಪ್ ಮೇಲೆ ಬೂದು ಬಣ್ಣದ ದುಂಡು ಕಲೆ ಮೂಡುತ್ತದೆ. ಮತ್ತೆ ಎಣಿಕೆ. ಧೂಳು ಜಾಸ್ತಿಯಾದಷ್ಟೂ ದಾಟುವ ಕಣ ಕಡಿಮೆ. ಆ ವ್ಯತ್ಯಾಸದಿಂದ ಧೂಳಿನ ತೂಕ ಸಿಗುತ್ತದೆ. ಧೂಳು ಕಪ್ಪೋ ಬಿಳಿಯೋ, ಲೆಕ್ಕ ಅಷ್ಟಾಗಿ ಕೆಡುವುದಿಲ್ಲ. ತೇವ ಒಣಗಿಸಲು ಹೀಟರ್ ಕೂಡ ಇರುತ್ತದೆ.

ಲೇಸರ್ ಸೆನ್ಸರ್ ತೂಗುವುದಿಲ್ಲ. ಕಣಕ್ಕೆ ತಾಗಿ ಚೆದುರಿದ ಬೆಳಕು ನೋಡಿ ಅಂದಾಜು ಮಾಡುತ್ತದೆ. ಮುಂಬೈ ಮಳೆಗಾಲದಲ್ಲಿ ಕಣಗಳು ನೀರು ಹೀರಿ ಊದಿಕೊಳ್ಳುತ್ತವೆ, ರೀಡಿಂಗ್ ಸುಮ್ನೆ ಏರುತ್ತದೆ. ಸಿಮೆಂಟಿನಂಥ ದಪ್ಪ ಧೂಳನ್ನಂತೂ ಅಗ್ಗದ ಸೆನ್ಸರ್ ಸರಿಯಾಗಿ ಹಿಡಿಯುವುದೇ ಇಲ್ಲ. ಆದರೆ ಕೆಲವು ಸಾವಿರಕ್ಕೆ ಸಿಗುತ್ತದೆ, ಕ್ಷಣಕ್ಷಣಕ್ಕೂ ಅಂಕಿ ಕೊಡುತ್ತದೆ.

ಬೀಟಾಗೆ ಲಕ್ಷಗಟ್ಟಲೆ ಬೇಕು. ವಿಕಿರಣ ಮೂಲದ ನಿಯಮಗಳೂ ಇವೆ. ಸೊಸೈಟಿಗೆ ಅದು ಬೇಡ ಅಂತಲೇ ನನ್ನ ಮಾತು. ಎರಡು ಲೇಸರ್ ಸೆನ್ಸರ್ ಕೊಳ್ಳಿ, ಒಂದನ್ನು ಹೊಸ ಟವರ್ ಕಡೆಗೆ, ಇನ್ನೊಂದನ್ನು ಹಿಂಬದಿಗೆ ಹಾಕಿ. ಹತ್ತಿರದ ಸರ್ಕಾರಿ ಕೇಂದ್ರದ ಅಂಕಿಯ ಜೊತೆ ಆಗಾಗ ಹೋಲಿಸಿ. ಪಿಎಂ 2.5ಕ್ಕೆ, ಅಂದರೆ 2.5 ಮೈಕ್ರಾನ್‌ವರೆಗಿನ ಸಣ್ಣ ಕಣಗಳಿಗೆ, ನಮ್ಮ ದೇಶದ 24 ಗಂಟೆಯ ಮಿತಿ ಘನ ಮೀಟರಿಗೆ 60 ಮೈಕ್ರೋಗ್ರಾಂ. ಅದು ದಿನವೂ ದಾಟುತ್ತಿದ್ದರೆ ದೂರು ಕೊಡಿ, ಬೀಟಾ ಯಂತ್ರದಿಂದಲೇ ಅಳೆಯಿರಿ ಅಂತ ಪಟ್ಟು ಹಿಡಿಯಿರಿ.