ಇಂಗ್ಲಿಷ್ ಪದಗಳಿಗೆ ಮೈಂಡ್ ಮ್ಯಾಪ್: ಕಾಗದವೋ, ಆ್ಯಪೋ?

ನಡುವೆ ಒಂದು ಪದ ಬರೆದು, ಅದಕ್ಕೆ ಸಂಬಂಧಿಸಿದ್ದನ್ನು ಕೊಂಬೆಗಳಂತೆ ಸುತ್ತ ಹರಡುವ ನಕ್ಷೆಯೇ ಮೈಂಡ್ ಮ್ಯಾಪ್. ಒಮ್ಮೆ ಕೂತು ಹತ್ತು-ಹದಿನೈದು ಪದ ಕಲಿಯುವುದಾದರೆ ಕಾಗದ ಸಾಕು. ಒಂದೇ ನಕ್ಷೆಯನ್ನು ತಿಂಗಳುಗಟ್ಟಲೆ ಬೆಳೆಸುವವರಿಗೆ ಆ್ಯಪ್ ಬೇಕು.

ಕನ್ನಡದಲ್ಲಿ ಎಲ್ಲವನ್ನೂ ‘ಮಾಡು’ತ್ತೇವೆ, ಇಂಗ್ಲಿಷಿನಲ್ಲಿ ಅದು ‘ಮೇಕ್’, ‘ಡೂ’ ಎಂದು ಒಡೆಯುತ್ತದೆ. ನಡುವೆ ‘ಮಾಡು’ ಬರೆದು ಎರಡು ಕೊಂಬೆ ಎಳೆಯಿರಿ: ಒಂದಕ್ಕೆ ಮಿಸ್ಟೇಕ್, ಡಿಸಿಷನ್, ನಾಯ್ಸ್, ಇನ್ನೊಂದಕ್ಕೆ ಹೋಮ್‌ವರ್ಕ್, ಫೇವರ್. ಒಂಟಿ ಪದ ಬೇಡ, ‘ಮೇಕ್ ಎ ಮಿಸ್ಟೇಕ್’ ಎಂದು ಪೂರ್ತಿ ಬರೆಯಿರಿ. ಕಾಗದದಲ್ಲಿ ಒಂದು ಕೊಂಬೆಗೆ ಏಳೆಂಟು ಪದವಾದ ಮೇಲೆ ಅಂಚಿನಲ್ಲಿ ತುರುಕಬೇಕು, ತಪ್ಪಿದರೆ ಗೀಚಬೇಕು. ಕಂಪ್ಯೂಟರಿನಲ್ಲಿ ಫ್ರೀಪ್ಲೇನ್, ಎಕ್ಸ್‌ಮೈಂಡ್‌ನಂಥ ಮೈಂಡ್ ಮ್ಯಾಪ್ ಆ್ಯಪ್ ಬಳಸಿದರೆ ಟ್ಯಾಬ್ ಒತ್ತಿದಾಗ ಉಪಕೊಂಬೆ, ಎಂಟರ್ ಒತ್ತಿದಾಗ ಪಕ್ಕದ ಕೊಂಬೆ. ತಪ್ಪಿದ್ದನ್ನು ಎಳೆದು ಸರಿಜಾಗಕ್ಕೆ ಬಿಟ್ಟರಾಯಿತು.

ಆ್ಯಪ್‌ನ ನಿಜವಾದ ಲಾಭ ಮಡಚುವುದರಲ್ಲಿದೆ. ಒಳಗಿನದು ಕಾಣದಂತೆ ಕೊಂಬೆ ಮಡಚಿ, ಆ ಪದಗಳನ್ನು ಬಾಯಿಬಿಟ್ಟು ಹೇಳಿ, ಆಮೇಲೆ ಬಿಚ್ಚಿ ನೋಡಿ. ಬರೀ ಕಣ್ಣಾಡಿಸಿದರೆ ಪದ ಪರಿಚಿತ ಅನಿಸುತ್ತದೆ, ಮಾತಾಡುವಾಗ ನಾಲಿಗೆಗೆ ಬರುವುದಿಲ್ಲ.

ಸ್ಪೆಲಿಂಗ್ ವಿಷಯದಲ್ಲಿ ಕಾಗದವೇ ಮುಂದು. ಫೋನಿನ ಕೀಬೋರ್ಡ್ ತಪ್ಪನ್ನು ತಾನೇ ತಿದ್ದಿಬಿಡುವುದರಿಂದ ಎಡವಿದ್ದು ಗೊತ್ತೇ ಆಗುವುದಿಲ್ಲ. ಆಟೋಕರೆಕ್ಟ್ ಆಫ್ ಮಾಡಿ. ಆ್ಯಪ್‌ನಲ್ಲಿ ಕೊಂಬೆಗಳಿಗೆ ಐಕಾನ್ ಹುಡುಕುತ್ತಾ ಅರ್ಧ ಗಂಟೆ ಕಳೆಯುವುದು ಇನ್ನೊಂದು ಅಪಾಯ. ನಾಮಪದ, ಕ್ರಿಯಾಪದ, ಗುಣವಾಚಕಕ್ಕೆ ಒಂದೊಂದರಂತೆ ಮೂರು ಬಣ್ಣ ಸಾಕು.

ಪ್ರಬಂಧದ ಹಂದರಕ್ಕಾದರೆ ಯೋಚನೆಯೇ ಬೇಡ, ಆ್ಯಪ್ ತೆರೆಯಿರಿ. ಪ್ಯಾರಾಗಳ ಕ್ರಮ ಹೇಗೂ ಮೂರು-ನಾಲ್ಕು ಸಲ ಬದಲಾಗುತ್ತದೆ.